ಮನೆಯ ಹಿರಿಯರಿಗೆ ಸ್ಮಾರ್ಟ್‌ಫೋನ್ ಕಲಿಸುವುದು ಹೇಗೆ? ಕೊಡಗಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಹುತ್ತರಿಗೆ ಊರಿಗೆ ಬರುವಾಗ ಮಕ್ಕಳು ಹೊಸ ಫೋನ್ ತರುತ್ತಾರೆ. ಒಂದೇ ಸಂಜೆ ಕೂತು ವಾಟ್ಸಾಪ್, ಯೂಟ್ಯೂಬ್, ಫೋನ್‌ಪೇ ಎಲ್ಲ ಹಾಕಿ, ಎಲ್ಲವನ್ನೂ ತೋರಿಸಿ, ಮಾರನೇ ದಿನ ಬೆಂಗಳೂರಿಗೋ ಮೈಸೂರಿಗೋ ಬಸ್ ಹತ್ತುತ್ತಾರೆ. ವಾರ ಕಳೆಯುವುದರೊಳಗೆ ಆ ಫೋನ್ ಬೀರು ಸೇರಿರುತ್ತದೆ. ಅಪ್ಪನ ಜೇಬಿಗೆ ಹಳೇ ಕೀಪ್ಯಾಡ್ ಫೋನ್ ವಾಪಸ್ ಬಂದಿರುತ್ತದೆ. ಆಮೇಲೆ ಮಕ್ಕಳದ್ದು ಒಂದೇ ಮಾತು: "ಎಷ್ಟು ಹೇಳಿಕೊಟ್ಟರೂ ಅವರ ತಲೆಗೆ ಹತ್ತಲ್ಲ."

ಹತ್ತುತ್ತದೆ. ಜೀವಮಾನವಿಡೀ ತೋಟ, ಗದ್ದೆ, ಆಳುಗಳ ಲೆಕ್ಕ, ಕೋರ್ಟು ಕಚೇರಿ ಎಲ್ಲ ನಿಭಾಯಿಸಿದವರಿಗೆ ಇದೇನು ದೊಡ್ಡದಲ್ಲ. ವಯಸ್ಸಾದ ಮೇಲೆ ಕಲಿಯುವ ವೇಗ ಕಮ್ಮಿಯಾಗುತ್ತದೆ ನಿಜ, ಆದರೆ ತಮಗೆ ಬೇಕಾದದ್ದನ್ನು ತಮ್ಮ ಕೈಯಾರೆ ಮಾಡಿ ಕಲಿತರೆ ಅದು ಉಳಿಯುತ್ತದೆ. ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುತ್ತಿರುವುದು ಕಲಿಸುವ ಕ್ರಮದಲ್ಲಿ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ, ಮಧ್ಯೆ ಹಾರಬೇಡಿ. ಇಲ್ಲಿ ಹೇಳಿರುವುದೆಲ್ಲ ಆಂಡ್ರಾಯ್ಡ್ ಫೋನ್‌ಗೆ.

## ಶುರು ಮಾಡುವ ಮೊದಲು ಬೇಕಾದದ್ದು

ಒಂದು ದಪ್ಪ ರಟ್ಟಿನ ನೋಟ್‌ಬುಕ್. ಕಪ್ಪು ಸ್ಕೆಚ್ ಪೆನ್. ಹಿರಿಯರ ಓದುವ ಕನ್ನಡಕ. ಫೋನಿಗೆ ಜಾರದಂಥ ರಬ್ಬರ್ ಕವರ್. ಚಾರ್ಜರ್‌ಗೆ ಒಂದು ಕಾಯಂ ಜಾಗ, ಅದೂ ಬಗ್ಗದೆ ಕೈಗೆ ಸಿಗುವ ಪ್ಲಗ್. ಮನೆಯಲ್ಲಿ ಫೈಬರ್ ಇಂಟರ್‌ನೆಟ್ ಇದ್ದರೆ ರೂಟರ್‌ಗೆ ಒಂದು ಸಣ್ಣ ಯುಪಿಎಸ್.

ಸಮಯವನ್ನೂ ನೋಡಿಕೊಳ್ಳಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಯಾರಿಗೂ ಪುರುಸೊತ್ತಿರಲ್ಲ. ಕೈಲ್ ಮುಹೂರ್ತದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಶುರುವಿಗೆ, ನಾಟಿ ಮುಗಿದಿರುತ್ತದೆ, ಕೊಯ್ಲಿಗೆ ಇನ್ನೂ ದಿನವಿರುತ್ತದೆ. ನನ್ನ ಪ್ರಕಾರ ಕಲಿಸುವುದಕ್ಕೆ ಅದೇ ಒಳ್ಳೇ ಕಾಲ. ಒಟ್ಟಿಗೆ ನಾಲ್ಕೈದು ದಿನವಾದರೂ ಊರಲ್ಲಿ ಇರುವ ಹಾಗೆ ರಜೆ ಹಾಕಿ ಬನ್ನಿ.

## 1. ಏನು ಬೇಕು ಎಂದು ಅವರನ್ನೇ ಕೇಳಿ

"ನಿಮಗೆ ವಾಟ್ಸಾಪ್ ಕಲಿಸ್ತೀನಿ" ಎಂದು ಶುರು ಮಾಡಬೇಡಿ. "ಈ ಫೋನಿನಿಂದ ನಿಮಗೆ ಏನು ಆಗಬೇಕು?" ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ಉತ್ತರ ನೀವು ಅಂದುಕೊಂಡದ್ದೇ ಆಗಿರಬೇಕೆಂದಿಲ್ಲ. ಅಜ್ಜಿಗೆ ದುಬೈಯಲ್ಲಿರುವ ಮೊಮ್ಮಗಳ ಮುಖ ನೋಡಬೇಕು. ಅಪ್ಪನಿಗೆ ಇವತ್ತು ರೊಬಸ್ಟಾ ಚೆರಿ 50 ಕೆಜಿ ಮೂಟೆಗೆ ಎಷ್ಟು ಎಂದು ಗೊತ್ತಾಗಬೇಕು. ಇನ್ನೊಬ್ಬರಿಗೆ ಪಕ್ಕದ ತೋಟಕ್ಕೆ ಆನೆ ಬಂದಿದೆಯಾ ಎಂಬ ಸುದ್ದಿ ಊರಿನ ಗುಂಪಿನಲ್ಲಿ ಬೇಗ ಸಿಗಬೇಕು, ಬೆಳಿಗ್ಗೆ ಗೇಟ್ ತೆಗೆಯುವ ಮೊದಲು.

ಕೆಲವರು "ನನಗೇನೂ ಬೇಡ" ಅನ್ನುತ್ತಾರೆ. ಬಲವಂತ ಮಾಡಬೇಡಿ. ಅವರು ಈಗಾಗಲೇ ದಿನವೂ ಮಾಡುವ ಕೆಲಸ ಯಾವುದು ನೋಡಿ. ನಮ್ಮ ಕಡೆ ಎಷ್ಟೋ ಹಿರಿಯರು ಬೆಳಿಗ್ಗೆ ಎದ್ದು ಮಳೆ ಅಳೆದು, ಇಂಚು, ಸೆಂಟ್ ಲೆಕ್ಕದಲ್ಲಿ ಡೈರಿಯಲ್ಲಿ ಬರೆದಿಡುತ್ತಾರೆ. ಆ ಲೆಕ್ಕವನ್ನು ಮನೆಯವರ ಗುಂಪಿಗೆ ಕಳಿಸುವುದೇ ಮೊದಲ ಪಾಠ ಆಗಬಹುದು. "ನಿನ್ನೆ 2 ಇಂಚು 35 ಸೆಂಟ್." ಬರೆಯಬೇಕಾದದ್ದು ಇಷ್ಟೇ. ಆ ಮಾಹಿತಿ ಮನೆಯಲ್ಲಿ ಅವರ ಹತ್ತಿರ ಮಾತ್ರ ಇರುತ್ತದೆ, ದೂರ ಇರುವ ಎಲ್ಲರಿಗೂ ಬೇಕಾಗಿರುತ್ತದೆ. ಮಳೆಗಾಲ ಪೂರ್ತಿ ತಾನಾಗಿಯೇ ಅಭ್ಯಾಸ ನಡೆಯುತ್ತದೆ.

## 2. ಕಣ್ಣು, ಕಿವಿ, ಬೆರಳು ನೋಡಿ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. "ಮರೆತುಹೋಗುತ್ತೆ" ಅನ್ನುವವರಲ್ಲಿ ಎಷ್ಟೋ ಜನರಿಗೆ ಅಸಲಿಗೆ ಅಕ್ಷರ ಕಾಣುತ್ತಿರಲ್ಲ, ಹೇಳಲು ಸಂಕೋಚ. ಕನ್ನಡಕದ ನಂಬರ್ ನೋಡಿಸಿ ವರ್ಷಗಳಾಗಿದ್ದರೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬನ್ನಿ. ಪೊರೆ ಬಂದಿದ್ದರೆ ಪಾಠ ಕಾಯಲಿ, ಪೊರೆ ಮೊದಲು.

ಕಿವಿಗೆ: ಸ್ಪೀಕರ್ ಹಾಕಿ ಮಾತಾಡಿದಾಗ ಅರ್ಥವಾಗುತ್ತದಾ, "ಹೂಂ" ಎಂದು ಸುಮ್ನೆ ಅನ್ನುತ್ತಿದ್ದಾರಾ ಗಮನಿಸಿ. ಶೀಟಿನ ಮನೆಯಲ್ಲಿ ಜೋರು ಮಳೆ ಹೊಡೆಯುವಾಗ ಯಾರಿಗೂ ಕೇಳಲ್ಲ, ಅಂಥ ಹೊತ್ತಲ್ಲಿ ಪಾಠ ಬೇಡ.

ಇನ್ನು ಬೆರಳು. ವರ್ಷಗಟ್ಟಲೆ ಕತ್ತಿ ಹಿಡಿದು, ಕಾಫಿ, ಮೆಣಸು ಕೊಯ್ದ ಬೆರಳ ತುದಿ ಒಣಗಿ ಗಟ್ಟಿಯಾಗಿರುತ್ತದೆ. ಪರದೆ ಮುಟ್ಟಿದರೆ ಒಮ್ಮೊಮ್ಮೆ ಗೊತ್ತೇ ಆಗಲ್ಲ. ಆಗ ಅವರು ಇನ್ನೂ ಗಟ್ಟಿಯಾಗಿ, ಇನ್ನೂ ಜಾಸ್ತಿ ಹೊತ್ತು ಒತ್ತುತ್ತಾರೆ. ಚಿತ್ರದ ಮೇಲೆ ಒಂದು ಮೆನು ತೆರೆದುಕೊಳ್ಳುತ್ತದೆ, ಬೆರಳು ಸ್ವಲ್ಪ ಜಾರಿದರೆ ಆ ಚಿತ್ರ ಜಾಗವೇ ಬದಲಾಯಿಸುತ್ತದೆ. ಅವರು ಗಾಬರಿಯಾಗಿ "ಹಾಳಾಯ್ತು" ಎಂದು ಫೋನ್ ಕೆಳಗಿಡುತ್ತಾರೆ. ಇದಕ್ಕೆ ಎರಡು ಪರಿಹಾರ. ಕೂರುವ ಮೊದಲು ಕೈ ತೊಳೆದು ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಕೊಳ್ಳಲಿ. ಫೋನಿನಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿಗೆ ಹೋಗಿ 'ಟಚ್ ಆಂಡ್ ಹೋಲ್ಡ್' ಸಮಯವನ್ನು 'ಲಾಂಗ್' ಎಂದು ಇಡಿ.

## 3. ಸಿಗ್ನಲ್ ಮತ್ತು ಕರೆಂಟ್ ಸರಿಮಾಡಿ

ಬೆಂಗಳೂರಿನಲ್ಲಿ ಕೂತವರಿಗೆ ಇದು ತಲೆಗೆ ಬರಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಕಣದ ಯಾವುದೋ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಫೋನ್ ಸಿಗುತ್ತದೆ. ಎಪ್ಪತ್ತೈದು ದಾಟಿದವರು ಜುಲೈ ಮಳೆಯಲ್ಲಿ ಪಾಚಿ ಕಟ್ಟಿದ ಕಣಕ್ಕೆ ಫೋನ್ ಹಿಡಿದು ಹೋಗುವುದು ಅಂದರೆ ಸೊಂಟ ಮುರಿದುಕೊಳ್ಳುವ ದಾರಿ.

ಮನೆಗೆ ವೈ-ಫೈ ಇದ್ದರೆ ಫೋನಿನ ಸಿಮ್ ಸೆಟ್ಟಿಂಗ್‌ನಲ್ಲಿ 'ವೈ-ಫೈ ಕಾಲಿಂಗ್' ಆನ್ ಮಾಡಿ. ಜಿಯೋ, ಏರ್‌ಟೆಲ್‌ನಲ್ಲಿ ಇದು ಇದೆ. ಟವರ್ ಸಿಗದಿದ್ದರೂ ಮಾಮೂಲಿ ನಂಬರಿಗೇ ಕರೆ ಬರುತ್ತದೆ, ಹೋಗುತ್ತದೆ. ಆದರೆ ಕರೆಂಟ್ ಹೋದರೆ ರೂಟರ್ ಸತ್ತುಹೋಗುತ್ತದೆ. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಹೆಚ್ಚಿನ ರೂಟರ್‌ಗಳು 12 ವೋಲ್ಟ್‌ನವು, ಅವಕ್ಕೆ ಸಣ್ಣ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ನೋಡಿಕೊಂಡು ತನ್ನಿ.

ಆ ಹಳೇ ಕೀಪ್ಯಾಡ್ ಫೋನನ್ನು ಕಿತ್ತುಕೊಳ್ಳಬೇಡಿ. ಬ್ಯಾಟರಿ ದಿನಗಟ್ಟಲೆ ಬರುತ್ತದೆ, ಮಳೆಗಾಲಕ್ಕೆ ಅದೇ ಆಧಾರ. ಎರಡೂ ಇರಲಿ.

## 4. ಫೋನನ್ನು ಮೊದಲೇ ಸಿದ್ಧ ಮಾಡಿಡಿ

ಇದನ್ನು ಅವರ ಮುಂದೆ ಕೂತು ಮಾಡಬೇಡಿ, ಸುಸ್ತಾಗುತ್ತದೆ. ಹಿಂದಿನ ರಾತ್ರಿಯೇ ಮುಗಿಸಿ. ಭಾಷೆ ಯಾವುದಿರಲಿ ಎಂದು ಮಾತ್ರ ಮೊದಲೇ ಕೇಳಿ. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ ಆಡುವವರು ಓದುವಾಗ ಕನ್ನಡ ಬಯಸಬಹುದು, ಮಿಲಿಟರಿಯಿಂದ ಬಂದವರು ಇಂಗ್ಲಿಷೇ ಇರಲಿ ಅನ್ನಬಹುದು.

- ಅಕ್ಷರದ ಗಾತ್ರ ದೊಡ್ಡದು ಮಾಡಿ. ತೀರಾ ದೊಡ್ಡದು ಮಾಡಿದರೆ ಬಟನ್‌ಗಳು ಪರದೆಯಿಂದ ಹೊರಗೆ ಹೋಗುತ್ತವೆ, ಅದಕ್ಕೇ ವಾಟ್ಸಾಪ್ ತೆರೆದು ಪರೀಕ್ಷಿಸಿ.
- ಕೆಳಗೆ ಮೂರು ಬಟನ್ ಬರುವ ನ್ಯಾವಿಗೇಶನ್ ಹಾಕಿ. ಬೆರಳು ಎಳೆದು ಹಿಂದೆ ಹೋಗುವ ಹೊಸ ಪದ್ಧತಿ ಹಿರಿಯರಿಗೆ ಬಹಳ ಕಷ್ಟ. ಎಲ್ಲಿ ಸಿಕ್ಕಿಹಾಕಿಕೊಂಡರೂ ನಡುವಿನ ಬಟನ್ ಒತ್ತಿದರೆ ಮನೆಗೆ ವಾಪಸ್ ಎಂಬ ಧೈರ್ಯ ಬೇಕು.
- ಪರದೆ ತಿರುಗುವುದನ್ನು ಆಫ್ ಮಾಡಿ. ಪರದೆ ಆರಿಹೋಗುವ ಸಮಯವನ್ನು ಎರಡು ನಿಮಿಷಕ್ಕೆ ಏರಿಸಿ.
- ಮೊದಲ ಪುಟದಲ್ಲಿ ಐದಾರು ಚಿತ್ರ ಸಾಕು. 'ಲಾಕ್ ಹೋಮ್ ಸ್ಕ್ರೀನ್ ಲೇಔಟ್' ಇದ್ದರೆ ಆನ್ ಮಾಡಿ, ಚಿತ್ರಗಳು ಜಾಗ ಬಿಡಲ್ಲ.
- ಮನೆಯವರ ನಂಬರ್‌ಗಳಿಗೆ ಮುಖದ ಫೋಟೋ ಹಾಕಿ, ಮುಖ್ಯವಾದ ಮೂರ್ನಾಲ್ಕನ್ನು ಮೊದಲ ಪುಟಕ್ಕೆ ತನ್ನಿ.
- ವಾಟ್ಸಾಪ್‌ನಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಗುಂಪಿಗೆ ಸೇರಿಸುವ ಅಧಿಕಾರ 'ಮೈ ಕಾಂಟ್ಯಾಕ್ಟ್ಸ್'ಗೆ ಮಾತ್ರ. ಅಪರಿಚಿತರ ಕರೆ ಮೌನವಾಗಲಿ. ಎರಡು ಹಂತದ ಪಿನ್ ಹಾಕಿ.

ಲಾಕ್‌ಗೆ ಬೆರಳಚ್ಚು ಒಂದನ್ನೇ ನೆಚ್ಚಿಕೊಳ್ಳಬೇಡಿ, ಸವೆದ ಬೆರಳು ಹಿಡಿಯಲ್ಲ. ಪಿನ್ ಅವರೇ ಆರಿಸಲಿ, ಹುಟ್ಟಿದ ವರ್ಷ ಬೇಡ ಎಂದಷ್ಟೇ ಹೇಳಿ.

## 5. ಫೋನ್ ಅವರ ಕೈಯಲ್ಲೇ ಇರಬೇಕು

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ ಹಂತ. ಅವರು ತಡವರಿಸಿದ ಕೂಡಲೇ "ಕೊಡಿ ಇಲ್ಲಿ, ನಾನು ಮಾಡ್ತೀನಿ" ಎಂದು ಕಿತ್ತುಕೊಂಡು ನಾಲ್ಕು ಸಲ ಟಪಟಪ ಒತ್ತಿ ವಾಪಸ್ ಕೊಡುತ್ತೇವೆ. ಕೆಲಸ ಆಯ್ತು, ಅವರಿಗೆ ಗೊತ್ತಾದದ್ದು ಏನು? ಇದು ನನ್ನ ಕೈಯಲ್ಲಿ ಆಗಲ್ಲ ಅನ್ನುವುದೊಂದೇ.

ಪಕ್ಕದಲ್ಲಿ ಕೂತುಕೊಳ್ಳಿ, ಎದುರಿಗೆ ಬೇಡ, ಎದುರಿನಿಂದ ಪರದೆ ತಲೆಕೆಳಗಾಗಿ ಕಾಣುತ್ತದೆ. ತೋರಿಸಲೇಬೇಕಾದರೆ ಪೆನ್ನಿನ ಹಿಂಬದಿಯಿಂದ ದೂರದಿಂದಲೇ ತೋರಿಸಿ, ಪರದೆ ಮುಟ್ಟಬೇಡಿ. "ಮೆನುಗೆ ಹೋಗಿ" ಅನ್ನುವ ಬದಲು "ಮೇಲೆ ಬಲಗಡೆ ಮೂರು ಚುಕ್ಕೆ ಇದೆಯಲ್ಲ, ಅದನ್ನು ಒತ್ತಿ" ಎನ್ನಿ. ಹೇಳಿದ ಮೇಲೆ ಕಾಯಿರಿ. ಹತ್ತು ಸೆಕೆಂಡ್ ಮೌನ ನಿಮಗೆ ಉದ್ದ ಅನಿಸುತ್ತದೆ, ಅವರು ಆಗ ಯೋಚಿಸುತ್ತಿರುತ್ತಾರೆ.

ಬೇಡವಾದ ಮಾತುಗಳು: "ಆಗಲೇ ಹೇಳಿದೆನಲ್ಲ", "ಇಷ್ಟು ಸುಲಭ", "ಸಣ್ಣ ಮಕ್ಕಳೂ ಮಾಡ್ತಾರೆ". ಮೊಮ್ಮಕ್ಕಳ ಮುಂದೆ, ನೆಂಟರ ಮುಂದೆ ಅವರು ಮಾಡಿದ ತಪ್ಪನ್ನು ನಗೆಯ ವಿಷಯ ಮಾಡಲೇಬೇಡಿ. ಮನೆಗೆ ಹಿರಿಯರಾಗಿ ಬಾಳಿದವರು ಅವರು. ಒಂದು ಸಲ ಮಾನ ಹೋಯಿತು ಅನಿಸಿದರೆ ಮತ್ತೆ ಆ ಫೋನ್ ಮುಟ್ಟಲ್ಲ.

ಪಾಠ ಇಪ್ಪತ್ತು ನಿಮಿಷ ಸಾಕು. ಬೆಳಗಿನ ಕಾಫಿ, ತಿಂಡಿ ಆದ ಮೇಲೆ ಒಂದು ಸಲ, ಸಂಜೆ ಅದನ್ನೇ ಮತ್ತೊಂದು ಸಲ.

## 6. ಒಂದೇ ಕೆಲಸ, ಅದು ಕೈಗೆ ಕೂರುವವರೆಗೆ

ಮೊದಲ ಕೆಲಸ ಬಂದ ಕರೆ ಎತ್ತುವುದು. ಇದನ್ನು ಯಾರೂ ಕಲಿಸಲ್ಲ, ಎಲ್ಲರೂ ಗೊತ್ತಿದೆ ಅಂದುಕೊಳ್ಳುತ್ತಾರೆ. ಕೆಲವು ಫೋನಿನಲ್ಲಿ ಹಸಿರು ಗುರುತನ್ನು ಒತ್ತಬೇಕು, ಕೆಲವದರಲ್ಲಿ ಮೇಲಕ್ಕೆ ಎಳೆಯಬೇಕು, ಪರದೆ ಆರಿದ್ದಾಗ ಒಂದು ಥರ, ಹತ್ತಿದ್ದಾಗ ಇನ್ನೊಂದು ಥರ. ಪಕ್ಕದ ಕೋಣೆಗೆ ಹೋಗಿ ಕರೆ ಮಾಡಿ. ಮಾಮೂಲಿ ಕರೆ, ವಾಟ್ಸಾಪ್ ಕರೆ, ವಿಡಿಯೋ ಕರೆ, ಮೂರನ್ನೂ ಎತ್ತಿ, ಮುಗಿಸುವುದು ಅಭ್ಯಾಸವಾಗಲಿ.

ಎರಡನೆಯದು ಧ್ವನಿ ಸಂದೇಶ. ಟೈಪ್ ಮಾಡುವ ಗೋಜಿಲ್ಲ, ಕೊಡವ ತಕ್ಕೋ ತುಳುವೋ ಮಲಯಾಳವೋ ತಮ್ಮ ಮಾತಿನಲ್ಲೇ ಹೇಳಬಹುದು. ಮೈಕ್ ಗುರುತು ಒತ್ತಿ ಹಿಡಿಯುವುದು ಕಷ್ಟವಾದರೆ, ಒತ್ತಿ ಮೇಲಕ್ಕೆ ಸರಿಸಿದರೆ ಬೀಗ ಬೀಳುತ್ತದೆ, ಆಮೇಲೆ ಕೈ ಬಿಟ್ಟು ಮಾತಾಡಬಹುದು. ಬೆರಳು ನಡುಗುವವರಿಗೆ ಇದು ದೊಡ್ಡ ಅನುಕೂಲ. ಕನ್ನಡದಲ್ಲಿ ಬರೆಯಬೇಕು ಅನ್ನುವವರಿಗೆ ಜಿಬೋರ್ಡ್‌ನಲ್ಲಿ (ಗೂಗಲ್‌ನ ಕೀಬೋರ್ಡ್) ಕನ್ನಡ ಸೇರಿಸಿ, ಅಲ್ಲಿನ ಮೈಕ್ ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ.

ನಿಯಮ ಒಂದೇ: ನಿಮ್ಮ ಸಹಾಯವಿಲ್ಲದೆ ಬೇರೆ ಬೇರೆ ದಿನ ಮೂರು ಸಲ ಮಾಡಿದ ಮೇಲೆ ಮಾತ್ರ ಮುಂದಿನ ಕೆಲಸ. ನಾಲ್ಕೈದು ದಿನದ ರಜೆಯಲ್ಲಿ ಎರಡು ಕೆಲಸ ಕಲಿತರೆ ಅದು ತುಂಬಾ ಒಳ್ಳೇ ಪ್ರಗತಿ.

## 7. ನೋಟ್‌ಬುಕ್ ಅವರೇ ಬರೆಯಲಿ

ಒಂದು ಕೆಲಸಕ್ಕೆ ಒಂದು ಪುಟ. ಮೇಲೆ ಹೆಸರು: "ಮಗಳಿಗೆ ವಿಡಿಯೋ ಕರೆ". ಕೆಳಗೆ 1, 2, 3. ಪ್ರತಿ ಸಾಲಿನ ಮುಂದೆ ಆ ಗುರುತಿನ ಚಿತ್ರ. ನೀವು ಚಂದವಾಗಿ ಪ್ರಿಂಟ್ ಹೊಡೆದು ಕೊಟ್ಟರೆ ಅದು ಡ್ರಾಯರ್ ಸೇರುತ್ತದೆ. ಅವರೇ ಬರೆದದ್ದು ಅವರಿಗೆ ಅರ್ಥವಾಗುತ್ತದೆ. ವಾಟ್ಸಾಪ್ ಗುರುತನ್ನು "ಹಸಿರು ಡಬ್ಬಿ, ಒಳಗೆ ಫೋನ್" ಎಂದು ಬರೆದುಕೊಂಡರೆ ಹಾಗೇ ಇರಲಿ, ತಿದ್ದಬೇಡಿ. ಬರೆಯಲು ಬಾರದವರಿಗೆ ಚಿತ್ರ ಮಾತ್ರ ಸಾಕು.

ಪಿನ್, ಪಾಸ್‌ವರ್ಡ್ ಈ ಪುಸ್ತಕದಲ್ಲಿ ಬೇಡ. ಕೊನೆಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಮೂರು ನಂಬರ್: ತುರ್ತಿಗೆ 112, ಹಣದ ಮೋಸಕ್ಕೆ 1930, ಹಿರಿಯ ನಾಗರಿಕರ ಸಹಾಯವಾಣಿ 14567.

## 8. ನೀವು ಹೊರಟ ಮೇಲೆ

ಪ್ರತಿದಿನ ಒಂದು ನಿಗದಿತ ಹೊತ್ತಿಗೆ ಕರೆ ಬರಲಿ, ಅದೂ ಅವರ ಕಡೆಯಿಂದ. ನೀವು ಮಾಡಿದರೆ ಅವರಿಗೆ ಅಭ್ಯಾಸವಾಗಲ್ಲ. ಮೊದಲ ವಾರ ಕರೆ ಬರದಿದ್ದರೆ ಬೈಯಬೇಡಿ, ಹಳೇ ಫೋನಿಗೆ ಕರೆ ಮಾಡಿ "ಎಲ್ಲಿ ನಿಂತಿತು?" ಎಂದು ಕೇಳಿ. ವಾಟ್ಸಾಪ್ ವಿಡಿಯೋ ಕರೆಯಲ್ಲೇ ಪರದೆ ಹಂಚುವ ಸೌಲಭ್ಯ ಇದೆ. ಅದನ್ನು ಮನೆಯವರ ಜೊತೆ ಮಾತ್ರ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ.

ಹತ್ತಿರದಲ್ಲಿ ಒಬ್ಬರು ಇರಲಿ. ಪಕ್ಕದ ಮನೆಯ ಕಾಲೇಜು ಹುಡುಗಿ, ಇಲ್ಲಾ ಫೋನ್ ಚೆನ್ನಾಗಿ ಗೊತ್ತಿರುವ ಅವರದೇ ವಯಸ್ಸಿನ ಸ್ನೇಹಿತರು. ಒಂದೇ ವಯಸ್ಸಿನವರಿಂದ ಕಲಿಯುವಾಗ ಸಂಕೋಚ ಕಮ್ಮಿ ಅಲ್ವಾ? ಒಬ್ಬ ಅಜ್ಜ ಕಲಿತು ಇನ್ನೊಬ್ಬರಿಗೆ ಹೇಳಿಕೊಟ್ಟರೆ ಅವರ ಪಾಠ ಇನ್ನೂ ಗಟ್ಟಿಯಾಗುತ್ತದೆ. ಮನೆ ಕೆಲಸಕ್ಕೆ, ತೋಟಕ್ಕೆ ಬರುವವರ ಕೈಗೆ ಅನ್‌ಲಾಕ್ ಮಾಡಿದ ಫೋನ್ ಕೊಟ್ಟು "ನೋಡಪ್ಪಾ" ಅನ್ನುವ ರೂಢಿ ಮಾತ್ರ ಬೇಡ. ಏನಾದರೂ ಹೆಚ್ಚುಕಮ್ಮಿಯಾದರೆ ತಪ್ಪಿಲ್ಲದವರ ಮೇಲೂ ಅನುಮಾನ ಬರುತ್ತದೆ.

## 9. ದುಡ್ಡಿಗೂ ಮೊದಲು ಮೋಸದ ಪಾಠ

ಯುಪಿಐ ಕಲಿಸುವ ಮೊದಲು ಇದು ಮುಗಿದಿರಬೇಕು. ಹೆದರಿಸಬೇಡಿ, ಮೋಸದ ಕರೆ ಹೇಗಿರುತ್ತದೆ ಎಂದು ನೀವೇ ಮಾತಾಡಿ ತೋರಿಸಿ.

"ಕರೆಂಟ್ ಬಿಲ್ ಬಾಕಿ ಇದೆ, ಇವತ್ತು ರಾತ್ರಿ ಲೈನ್ ಕಟ್." "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ವಿಡಿಯೋ ಕರೆಯಲ್ಲೇ ಇರಿ, ಯಾರಿಗೂ ಹೇಳಬೇಡಿ." ಹೀಗೆ ವಿಡಿಯೋ ಕರೆಯಲ್ಲೇ ಕೂಡಿಹಾಕುವ 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಮದುವೆ ಕರೆಯೋಲೆ, ವಾಹನದ ದಂಡದ ಚೀಟಿ ಎಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಒತ್ತಿದರೆ ಫೋನೇ ಮೋಸಗಾರರ ಕೈಗೆ ಹೋಗಬಹುದು. ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಕಂಡರೆ ಮುಟ್ಟಬಾರದು, ಕಳಿಸಿದವರು ನೆಂಟರೇ ಆದರೂ, ಯಾಕೆಂದರೆ ಅವರ ಫೋನ್ ಆಗಲೇ ಸಿಕ್ಕಿಹಾಕಿಕೊಂಡಿರಬಹುದು.

ಎಲ್ಲ ಮೋಸಗಳ ಪಟ್ಟಿ ನೆನಪಿಡಲು ಆಗಲ್ಲ. ಮೂರು ಗುರುತು ಸಾಕು. ಅವಸರ ಮಾಡುತ್ತಾರೆ. ಗುಟ್ಟಾಗಿಡಿ ಅನ್ನುತ್ತಾರೆ. ಒಟಿಪಿಯೋ ಪಿನ್ನೋ ದುಡ್ಡೋ ಕೇಳುತ್ತಾರೆ. ಕಂಡ ಕೂಡಲೇ ಕರೆ ಕಟ್ ಮಾಡಿ ಮನೆಯವರಿಗೆ ಫೋನ್ ಮಾಡುವುದು. ಕರೆ ಕಟ್ ಮಾಡುವುದು ಮರ್ಯಾದೆ ಅಲ್ಲ ಎಂಬ ಸಂಕೋಚ ನಮ್ಮ ಹಿರಿಯರಲ್ಲಿ ಬಹಳ. ಇಂಥ ಕರೆಯನ್ನು ಮಧ್ಯದಲ್ಲೇ ಕಟ್ ಮಾಡಿದರೆ ತಪ್ಪಿಲ್ಲ ಎಂದು ಬಾಯಿಬಿಟ್ಟು ಹೇಳಿ, ಒಂದೆರಡು ಸಲ ನಿಮ್ಮ ಮೇಲೇ ಅಭ್ಯಾಸ ಮಾಡಿಸಿ.

ದುಡ್ಡು ಹೋಗಿಬಿಟ್ಟರೆ? ತಕ್ಷಣ 1930, ಜೊತೆಗೆ ಬ್ಯಾಂಕ್. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಬೈಯುತ್ತಾರೆ ಎಂದು ಅವರು ಮುಚ್ಚಿಟ್ಟರೆ ಆ ಹೊತ್ತು ಕಳೆದುಹೋಗುತ್ತದೆ. ಹಾಗಾಗಿ "ಏನೇ ಆದರೂ ಮೊದಲು ನನಗೆ ಹೇಳಿ, ನಾನು ಬೈಯಲ್ಲ" ಎಂಬ ಮಾತನ್ನು ಈಗಲೇ ಕೊಡಿ, ಉಳಿಸಿಕೊಳ್ಳಿ.

## 10. ಯುಪಿಐ, ಬೇಕು ಅಂದರೆ ಮಾತ್ರ

ಪಿಂಚಣಿ, ಕಾಫಿ ದುಡ್ಡು ಬರುವ ಖಾತೆಗೆ ಯುಪಿಐ ಜೋಡಿಸಬೇಡಿ. ಸಣ್ಣದೊಂದು ಬೇರೆ ಉಳಿತಾಯ ಖಾತೆ ತೆರೆದು, ತಿಂಗಳ ಖರ್ಚಿಗೆ ಬೇಕಾದಷ್ಟು ಮಾತ್ರ ಅದರಲ್ಲಿಡಿ. ಏನಾದರೂ ಆದರೂ ಹೋಗುವುದು ಅಷ್ಟೇ. ಕುಶಾಲನಗರದ ಸಂತೆಯಲ್ಲೋ ಊರಿನ ಅಂಗಡಿಯಲ್ಲೋ ಹತ್ತು ರೂಪಾಯಿ ಕೊಡುವುದರಿಂದ ಶುರು ಮಾಡಿ, ಹಿಂದೆ ಜನ ಕಾಯದ ಹೊತ್ತು ನೋಡಿ. ದುಡ್ಡು ಕೊಡುವುದಕ್ಕೆ ಮಾತ್ರ ಪಿನ್ ಬೇಕು, ಬರುವುದಕ್ಕೆ ಬೇಡವೇ ಬೇಡ. ಇದನ್ನು ನೋಟ್‌ಬುಕ್ಕಿನ ಆ ಪುಟದ ಮೇಲೆ ಕೆಂಪಿನಲ್ಲಿ ಬರೆಸಿ.

ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಹತ್ತಿರ ಎರಡು ಮಾತಾಡಿ ಬರುವುದೇ ಅವರಿಗೆ ಖುಷಿ ಅಂದರೆ ಹಾಗೇ ಬಿಡಿ.

## 11. ಮನೆಯಲ್ಲೇ ಜೀವನ ಪ್ರಮಾಣ ಪತ್ರ

ನಿವೃತ್ತ ಸೈನಿಕರು ಇಷ್ಟೊಂದು ಇರುವ ಜಿಲ್ಲೆಯಲ್ಲಿ ಇದು ಬಹಳ ಉಪಯೋಗದ ಕೆಲಸ. ತಾವು ಬದುಕಿದ್ದೇವೆ ಎಂದು ತೋರಿಸುವ ಈ ಪತ್ರವನ್ನು ಪಿಂಚಣಿದಾರರು ಸಾಮಾನ್ಯವಾಗಿ ಪ್ರತಿ ನವೆಂಬರ್‌ನಲ್ಲಿ ಕೊಡಬೇಕು. 80 ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಅಕ್ಟೋಬರ್ 1ರಿಂದಲೇ ಅವಕಾಶ ಇದೆ. 2021ರ ನವೆಂಬರ್‌ನಿಂದ ಮುಖ ಗುರುತಿಸುವ ಪದ್ಧತಿ ಬಂದ ಮೇಲೆ ಬೆರಳಚ್ಚಿನ ಯಂತ್ರ ಹುಡುಕಿ ಹೋಗಬೇಕಿಲ್ಲ.

ಬೇಕಾದದ್ದು: ಆಧಾರ್, ಪಿಪಿಒ (ಪಿಂಚಣಿ ಆದೇಶದ) ಸಂಖ್ಯೆ, ಖಾತೆ ಸಂಖ್ಯೆ, ಮೊಬೈಲ್ ನಂಬರ್. ಪ್ಲೇ ಸ್ಟೋರ್‌ನಿಂದ 'ಆಧಾರ್ ಫೇಸ್ ಆರ್‌ಡಿ' ಮತ್ತು 'ಜೀವನ್ ಪ್ರಮಾಣ್' ಎರಡೂ ಹಾಕಿ. ಮೊದಲು ಆಪರೇಟರ್ ಆಗಿ ನಿಮ್ಮ ಮುಖ, ಆಮೇಲೆ ಅವರ ವಿವರ, ಅವರ ಮುಖ. ಕಿಟಕಿಗೆ ಮುಖ ಮಾಡಿ ಕೂರಿಸಿ, ಬೆನ್ನಿಗೆ ಬೆಳಕು ಬಿದ್ದರೆ ಹಿಡಿಯಲ್ಲ. ಕಣ್ಣು ಮಿಟುಕಿಸಲು ಹೇಳುತ್ತದೆ. ಮುಗಿದ ಮೇಲೆ ಪ್ರಮಾಣ್ ಐಡಿ ಎಸ್‌ಎಂಎಸ್ ಬರುತ್ತದೆ, ಅಳಿಸಬೇಡಿ.

ಪದೇಪದೇ ಆಗುವ ತಪ್ಪು ಎರಡು. ಸ್ಪರ್ಶ್‌ಗೆ (ರಕ್ಷಣಾ ಇಲಾಖೆಯ ಆನ್‌ಲೈನ್ ಪಿಂಚಣಿ ವ್ಯವಸ್ಥೆ) ಸೇರಿದ ಮಿಲಿಟರಿ ಪಿಂಚಣಿದಾರರು ಪಿಂಚಣಿ ಕೊಡುವವರ ಜಾಗದಲ್ಲಿ ತಮ್ಮ ಬ್ಯಾಂಕ್ ಆರಿಸಿಬಿಡುತ್ತಾರೆ, ಅಲ್ಲಿ ಸ್ಪರ್ಶ್ ಆರಿಸಬೇಕು. ಎರಡನೆಯದು, ಆಧಾರ್ ಬಯೋಮೆಟ್ರಿಕ್‌ಗೆ ಬೀಗ ಹಾಕಿದ್ದರೆ ಮುಖವೂ ಹೊಂದಲ್ಲ, ಮೊದಲು ಬೀಗ ತೆಗೆದು ಆಮೇಲೆ ಮತ್ತೆ ಹಾಕಿ. ಯಾವುದೂ ಆಗದಿದ್ದರೆ ಪೋಸ್ಟ್‌ಮ್ಯಾನ್ ಮೂಲಕ ಮನೆಬಾಗಿಲಿಗೆ ಬರುವ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಸೇವೆ ಇದೆ, ಸಣ್ಣ ಶುಲ್ಕ ಇರುತ್ತದೆ.

## ಎಚ್ಚರಿಕೆಯ ಲಕ್ಷಣಗಳು

ಹೊಸದನ್ನು ಮರೆಯುವುದು ಸಹಜ. ಮೊನ್ನೆ ಕಲಿತ ವಿಡಿಯೋ ಕರೆ ಇವತ್ತು ಮರೆತರೆ ಚಿಂತೆ ಬೇಡ, ನೋಟ್‌ಬುಕ್ ನೋಡಲಿ. ಆದರೆ ವರ್ಷಗಳಿಂದ ಗೊತ್ತಿದ್ದದ್ದು ತಪ್ಪಲು ಶುರುವಾದರೆ ನಿರ್ಲಕ್ಷ್ಯ ಬೇಡ. ಹಳೇ ಕೀಪ್ಯಾಡ್ ಫೋನಿನಲ್ಲೇ ಕರೆ ಮಾಡಲು ತಡವರಿಸುವುದು, ಒಂದೇ ಪ್ರಶ್ನೆಯನ್ನು ಹತ್ತು ನಿಮಿಷದಲ್ಲಿ ಮತ್ತೆ ಮತ್ತೆ ಕೇಳುವುದು, ತೋಟದ ಪರಿಚಿತ ದಾರಿ ಗೊಂದಲವಾಗುವುದು, ಆಳುಗಳ ಸಂಬಳ ಎರಡು ಸಲ ಕೊಡುವುದು. ಇವನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗಬೇಡಿ. ದಿಢೀರನೆ ಫೋನ್ ಬಚ್ಚಿಡುವುದು, ಕರೆ ಬಂದಾಗ ಹೊರಗೆ ಹೋಗಿ ಮಾತಾಡುವುದು, ದುಡ್ಡಿನ ಮಾತೆತ್ತಿದರೆ ಸಿಡುಕುವುದು ಕಂಡರೆ ಯಾರೋ ಮೋಸದ ಬಲೆಗೆ ಎಳೆದಿರಬಹುದು, ಮೆತ್ತಗೆ ಕೇಳಿ.

ಮರೆವಿಗೆ ಬಿ12 ಕೊರತೆ, ಥೈರಾಯ್ಡ್, ನಿದ್ದೆ ಇಲ್ಲದಿರುವುದು, ಖಿನ್ನತೆ, ಕೆಲವು ಮಾತ್ರೆಗಳು ಕಾರಣ ಆಗಿರಬಹುದು. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆ ಇದೆ. ಮೊದಲು ಮಡಿಕೇರಿ ಅಥವಾ ವಿರಾಜಪೇಟೆಯಲ್ಲಿ ನಿಮ್ಮ ಡಾಕ್ಟರನ್ನು ಕಾಣಿ, ಅಗತ್ಯ ಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ. ಡಾಕ್ಟರ ಮುಂದೆ ಅವರೇ ಮಾತಾಡಲಿ, ಅವರು ಮುಗಿಸಿದ ಮೇಲೆ "ನಾನೂ ಒಂದು ವಿಷಯ ಹೇಳಲಾ?" ಎಂದು ಅವರನ್ನು ಕೇಳಿ ನೀವು ಗಮನಿಸಿದ್ದನ್ನು ಸೇರಿಸಿ.